ಕಾಳವ್ವೆ ಕೇಳಿದ ಪ್ರಶ್ನೆ



ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ಕೆಲವು ದಿನಗಳ ಹಿಂದೆ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಮಹಿಳಾ ದಿನಾಚರಣೆ ಕಾರ್ಯಕ್ರಮ ಇತ್ತು. ನನಗಿಂತ ಮೊದಲು ಮಾತಾಡಿದವರು ನಮ್ಮ ನಾಡಿನ ಇತಿಹಾಸದಲ್ಲಿ ಹೆಣ್ಣಿಗೆ ಎಂಥ ಸ್ಥಾನ ಇತ್ತು ಅಂತ ಬಹಳ ಚೆನ್ನಾಗಿ ವಿವರಿಸಿದರು. ಅತ್ತಿಮಬ್ಬೆ, ಅಕ್ಕಾದೇವಿ, ಶಾಂತಲೆ ಎಲ್ಲರ ಹೆಸರೂ ಬಂತು. ಜೋರು ಚಪ್ಪಾಳೆ. ಕಾರ್ಯಕ್ರಮ ಮುಗಿದ ಮೇಲೆ ಪಿಯುಸಿ ಓದೋ ಒಬ್ಬಳು ಹುಡುಗಿ ಮೆಲ್ಲಗೆ ನನ್ನ ಹತ್ರ ಬಂದು ಕೇಳಿದಳು: "ಅಕ್ಕಾ, ಅವರೆಲ್ಲಾ ರಾಣಿಯರು, ದೊಡ್ಡ ಮನೆಯವರು. ಆವಾಗ ನಮ್ಮೋರು ಎಲ್ಲಿದ್ರು? ಏನ್ ಮಾಡ್ಕೊಂಡಿದ್ರು?"

ನಾನು ಆವತ್ತು ಏನೋ ಒಂದು ಹೇಳಿ ಜಾರಿಕೊಂಡೆ. ಬಸ್ಸಲ್ಲಿ ಬರುವಾಗ ನಾಚಿಕೆ ಆಯ್ತು. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ಆ ಭಾಷಣಕಾರರು ಸುಳ್ಳು ಹೇಳಲಿಲ್ಲ. ಕ್ರಿ.ಶ. 911ರಲ್ಲಿ ರಾಷ್ಟ್ರಕೂಟರ ಕಾಲದಲ್ಲಿ ಜಕ್ಕಿಯಬ್ಬೆ ಅನ್ನೋ ಹೆಣ್ಣುಮಗಳು ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದ್ದು ನಿಜ. ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ್ದು ನಿಜ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನ 1000 ಪ್ರತಿ ಮಾಡಿಸಿ ಹಂಚಿದ್ದು, 1007ರಲ್ಲಿ ಲಕ್ಕುಂಡಿಯ ಬಸದಿ ಕಟ್ಟಿಸಿದ್ದು ಕೂಡ ನಿಜ. ಇದರ ಬಗ್ಗೆ ನನಗೆ ತಕರಾರಿಲ್ಲ.

ನನ್ನ ತಕರಾರು ಬೇರೆ. ಈ ನಾಲ್ಕು ಹೆಸರು ಹೇಳಿ "ಆ ಕಾಲದ ಮಹಿಳೆ ಹೀಗಿದ್ದಳು" ಅಂತ ಮುಗಿಸಿಬಿಡ್ತೀವಲ್ಲ, ಅದು. ಶಾಸನ ಅಂದ್ರೆ ಏನು? ಬಹುಪಾಲು ದಾನದ ದಾಖಲೆ. ಭೂಮಿ ಇದ್ದವರು ಭೂಮಿ ಕೊಟ್ಟರು, ಹೊನ್ನು ಇದ್ದವರು ಹೊನ್ನು ಕೊಟ್ಟರು, ಕಲ್ಲಲ್ಲಿ ಹೆಸರು ಕೊರೆಸಿದರು. ಕೊಡೋಕೆ ಏನೂ ಇಲ್ಲದವಳ ಹೆಸರನ್ನ ಕಲ್ಲಿನ ಮೇಲೆ ಯಾರು ಬರೆಸ್ತಾರೆ? ಆ ಬಸದಿಗೆ ಕಲ್ಲು ಹೊತ್ತವಳು ಇದ್ದಳು. ದಾನ ಕೊಟ್ಟ ಆ ಹೊಲದಲ್ಲಿ ಕಳೆ ಕಿತ್ತವಳು ಇದ್ದಳು. ಹೊಲ ಒಬ್ಬ ಒಡೆಯನಿಂದ ಇನ್ನೊಬ್ಬ ಒಡೆಯನಿಗೆ ಹೋಯ್ತು, ಅವಳು ಮಾತ್ರ ಅದೇ ಸಾಲಲ್ಲಿ ಕೂತು ಕಳೆ ಕೀಳ್ತಾ ಇದ್ದಳು.

ಹಾಗಂತ ದೊಡ್ಡ ಮನೆಯ ಹೆಣ್ಣು ಸುಖವಾಗಿದ್ದಳು ಅಂತಲೂ ಅಲ್ಲ. ಅತ್ತಿಮಬ್ಬೆಯ ಕಥೆಯನ್ನೇ ತಗೊಳ್ಳಿ. ಅವಳನ್ನ ಮತ್ತು ಅವಳ ತಂಗಿ ಗುಂಡಮಬ್ಬೆಯನ್ನ ಒಬ್ಬನೇ ಗಂಡಿಗೆ, ನಾಗದೇವನಿಗೆ, ಮದುವೆ ಮಾಡಿ ಕೊಟ್ಟಿದ್ದರು. ಅವನು ಯುದ್ಧದಲ್ಲಿ ಸತ್ತಾಗ ತಂಗಿ ಚಿತೆ ಏರಿದಳು. ಮಗನನ್ನ ಸಾಕಬೇಕಾಗಿದ್ದ ಅಕ್ಕ ಉಳಿದಳು. ಭಾಷಣಗಳಲ್ಲಿ ಅಕ್ಕನಿಗೆ ಚಪ್ಪಾಳೆ ಬೀಳತ್ತೆ, ತಂಗಿಯ ಹೆಸರೇ ಬರಲ್ಲ.

ಇನ್ನೊಂದು ಕಲ್ಲು ಇದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರು ಶಾಸನ, 1057ನೇ ಇಸವಿಯದು. ದೇಕಬ್ಬೆ ಅನ್ನೋ ಹೆಣ್ಣುಮಗಳದ್ದು. ನಾಡಾಳುವ ಮನೆತನದ ಮಗಳು. ಗಂಡ ಮಲ್ಲಯುದ್ಧದಲ್ಲಿ ರಾಜನ ಸಂಬಂಧಿಯೊಬ್ಬನನ್ನ ಕೊಂದ, ರಾಜ ಇವನನ್ನ ಕೊಲ್ಲಿಸಿದ. ಸುದ್ದಿ ಬಂತು. ಹೆತ್ತವರು ಬೇಡ ಬೇಡ ಅಂದರೂ ದೇಕಬ್ಬೆ ಬೆಂಕಿಗೆ ಬಿದ್ದಳು. ಆ ಶಾಸನವನ್ನ ಕನ್ನಡದ ಒಳ್ಳೆ ಕಾವ್ಯ ಅಂತ ಪಾಠ ಮಾಡ್ತಾರೆ. ಕಾವ್ಯ ಹೌದು. ಅದರೊಳಗೆ ಒಬ್ಬಳು ಹೆಣ್ಣುಮಗಳು ಜೀವಂತ ಸುಟ್ಟುಹೋಗಿದ್ದಾಳೆ ಅನ್ನೋದನ್ನೂ ಮಕ್ಕಳಿಗೆ ಹೇಳಬೇಕಲ್ವಾ?

ಇದು ಯಾಕೆ ಹೀಗೆ ಅಂತ ಬಾಬಾಸಾಹೇಬರು 25 ವರ್ಷದ ಹುಡುಗನಾಗಿದ್ದಾಗಲೇ ಬಿಡಿಸಿ ಹೇಳಿದ್ದರು. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಮಂಡಿಸಿದ ಭಾರತದ ಜಾತಿಗಳ ಕುರಿತ ಪ್ರಬಂಧವನ್ನ ಓದದೇ ಇದ್ದವರು ದಯವಿಟ್ಟು ಓದಿ. ಜಾತಿ ಉಳೀಬೇಕು ಅಂದ್ರೆ ಜಾತಿಯೊಳಗೇ ಮದುವೆ ಆಗಬೇಕು. ಗಂಡ ಸತ್ತವಳು ಜಾತಿಯ ಲೆಕ್ಕಕ್ಕೆ "ಹೆಚ್ಚುವರಿ" ಆಗ್ತಾಳೆ, ಅವಳು ಬೇರೆ ಜಾತಿಯವನ ಜೊತೆ ಹೋದರೆ ಗೋಡೆ ಒಡೀತದೆ. ಅದಕ್ಕೇ ಅವಳನ್ನ ಸುಡು, ಇಲ್ಲ ತಲೆ ಬೋಳಿಸಿ ಮೂಲೆಗೆ ಕೂರಿಸು, ಇಲ್ಲ ಹುಡುಗಿ ಚಿಕ್ಕವಳಿರುವಾಗಲೇ ಮದುವೆ ಮಾಡಿ ಮುಗಿಸು. ಸಹಗಮನ, ವಿಧವಾ ಪದ್ಧತಿ, ಬಾಲ್ಯವಿವಾಹ ಮೂರೂ ಬೇರೆ ಬೇರೆ ಅನಿಷ್ಟಗಳಲ್ಲ, ಜಾತಿಯನ್ನ ಕಾಯೋ ಬೀಗಗಳು. ಬೆಳತೂರಿನ ಬೆಂಕಿಯನ್ನ ನಾನು ಹಾಗೇ ಓದ್ತೀನಿ.

ಈಗ ಕಲ್ಯಾಣಕ್ಕೆ ಬರೋಣ. ಶರಣರ ಕಲ್ಯಾಣಕ್ಕಿಂತ ಸ್ವಲ್ಪ ಹಿಂದಿನ ಕಲ್ಯಾಣ. ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಅಲ್ಲಿ ವಿಜ್ಞಾನೇಶ್ವರ ಅನ್ನೋ ಪಂಡಿತ ಮಿತಾಕ್ಷರ ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ. ಬ್ರಿಟಿಷರ ಕೋರ್ಟುಗಳು ಕೂಡ ಆಸ್ತಿ ವಿಚಾರದಲ್ಲಿ ಇದೇ ಗ್ರಂಥವನ್ನ ಹಿಡಿದು ತೀರ್ಪು ಕೊಟ್ಟವು. ಗಂಡುಮಕ್ಕಳಿಲ್ಲದೆ, ಅಣ್ಣತಮ್ಮಂದಿರಿಂದ ಪಾಲಾಗಿದ್ದ ಗಂಡ ಸತ್ತರೆ ಹೆಂಡತಿಗೆ ಆಸ್ತಿ ಸಲ್ಲಬೇಕು, ಸ್ತ್ರೀಧನ ಅವಳದ್ದು ಅಂತ ಅದು ವಾದಿಸತ್ತೆ. "ನೋಡಿ, ನಮ್ಮ ಕಲ್ಯಾಣದಲ್ಲೇ ಹೆಣ್ಣಿಗೆ ಆಸ್ತಿ ಹಕ್ಕು ಬಂದಿತ್ತು" ಅಂತ ಹೆಮ್ಮೆಯಿಂದ ಹೇಳ್ತಾರೆ.

ಅದೇ ಪುಸ್ತಕದ ಇನ್ನೊಂದು ಪುಟ ತೆಗೀರಿ. ಅಲ್ಲಿ ನಾರದ ಸ್ಮೃತಿಯ ಆಧಾರದ ಮೇಲೆ 15 ಬಗೆಯ ದಾಸರ ಪಟ್ಟಿ ಇದೆ. ಕೊಂಡವರು, ಒತ್ತೆ ಇಟ್ಟವರು, ಬರಗಾಲದಲ್ಲಿ ಅನ್ನ ಹಾಕಿ ಉಳಿಸಿಕೊಂಡವರು, ಯುದ್ಧದಲ್ಲಿ ಹಿಡಿದವರು. ಪಟ್ಟಿಯ ಮೊದಲನೇ ಹೆಸರೇ ಮನೆಯ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನದ್ದು. ಅಂದ್ರೆ ಒಬ್ಬಳು ಹೆಣ್ಣಿಗೆ ಆಸ್ತಿ ಹಕ್ಕು, ಇನ್ನೊಬ್ಬಳು ಹೆಣ್ಣೇ ಆಸ್ತಿ. ಅವಳ ಗರ್ಭವೂ ಆಸ್ತಿ. ಹೀಗಿರುವಾಗ "ಮಧ್ಯಯುಗದ ಮಹಿಳೆಯ ಸ್ಥಾನಮಾನ" ಅಂತ ಪರೀಕ್ಷೆಯಲ್ಲಿ ಹತ್ತು ಮಾರ್ಕಿನ ಪ್ರಶ್ನೆ ಕೇಳ್ತಾರಲ್ಲ, ಯಾವ ಮಹಿಳೆ ಅಂತ ನಾವು ತಿರುಗಿ ಕೇಳಬೇಕು.

ದಾಸಿಯ ದಿನಚರಿ ಹೇಗಿತ್ತು? ಗುಜರಾತಿನಲ್ಲಿ ಸಿಕ್ಕಿರೋ ಲೇಖಪದ್ಧತಿ ಅನ್ನೋ ಸಂಸ್ಕೃತ ಗ್ರಂಥದಲ್ಲಿ ಒಂದು ದಾಖಲೆ ಇದೆ. ಪತ್ರ-ಕರಾರು ಹೇಗೆ ಬರೀಬೇಕು ಅಂತ ಗುಮಾಸ್ತರಿಗೆ ಕಲಿಸೋ ನಮೂನೆಗಳ ಪುಸ್ತಕ ಅದು. ಅದರಲ್ಲಿರೋ 13ನೇ ಶತಮಾನದ ನಮೂನೆಗಳಲ್ಲಿ ದಾಸಿಯನ್ನ ಮಾರೋ ಕರಾರೂ ಇದೆ. ದಾಳಿಯಲ್ಲಿ ಹಿಡಿದು ತಂದ ಪನುತಿ ಅನ್ನೋ 16 ವರ್ಷದ ಹುಡುಗಿಯ ಮಾರಾಟ. ನಮ್ಮ ಹಾಸ್ಟೆಲ್ ಹುಡುಗಿಯ ವಯಸ್ಸು! ದಾಸಿ ಮಾಡಬೇಕಾದ ಕೆಲಸಗಳನ್ನ ಒಂದೊಂದಾಗಿ ಬರೆದಿದ್ದಾರೆ: ತರಕಾರಿ ಹೆಚ್ಚೋದು, ಬೀಸೋದು, ಗುಡಿಸೋದು, ಸಾರಿಸೋದು, ಸೌದೆ ತರೋದು, ನೀರು ತರೋದು, ಮಲ ಎತ್ತಿ ಹಾಕೋದು, ಹಾಲು ಕರೆಯೋದು, ಮೊಸರು ಕಡೆಯೋದು, ಹೊಲಕ್ಕೆ ಮಜ್ಜಿಗೆ ಒಯ್ಯೋದು, ಕಳೆ ಕೀಳೋದು, ಹುಲ್ಲು ಕೊಯ್ಯೋದು. ಹಿಂಸೆ ತಡೀಲಾರದೆ ಅವಳು ಬಾವಿಗೆ ಬಿದ್ದು ಸತ್ತರೆ ಯಜಮಾನನ ಮೇಲೆ ತಪ್ಪಿಲ್ಲ ಅಂತಲೂ ಕರಾರಿನಲ್ಲೇ ಬರೆಸಿಕೊಂಡಿದ್ದಾರೆ. ಬಾವಿಗೆ ಬೀಳೋರು ಎಷ್ಟು ಜನ ಇದ್ದಿರಬೇಕು ಅಂದ್ರೆ, ಅದು ಕರಾರಿನ ನಮೂನೆಯಲ್ಲೇ ಸೇರಿಹೋಗಿದೆ.

ಇದು ಮನೆಯೊಳಗಿನ ದಾಸಿಯ ಕಥೆ. ಊರ ಹೊರಗಿನವಳ ಕಥೆ? ಅದಕ್ಕೆ ತಮಿಳುನಾಡಿನ ಶಾಸನ ನೋಡಬೇಕು. ತಂಜಾವೂರಿನ ದೊಡ್ಡ ದೇವಸ್ಥಾನದ ಗೋಡೆ ಮೇಲೆ, 1014ರ ಸುಮಾರಿಗೆ, ದೇವಸ್ಥಾನಕ್ಕೆ ಬಿಟ್ಟ ಹಳ್ಳಿಗಳ ವಿವರ ಕೊರೆಸಿದ್ದಾರೆ. ತೆರಿಗೆ ಇಲ್ಲದ ಜಾಗಗಳು ಅಂತ ಲೆಕ್ಕ ಕೊಡುವಾಗ ಪರೈಚ್ಚೇರಿ, ತೀಂಡಾಚ್ಚೇರಿ ಅನ್ನೋ ಹೆಸರು ಬರತ್ತೆ. ಪರೈಯರ ಕೇರಿ, ಮುಟ್ಟಬಾರದವರ ಕೇರಿ. ಸುಡುಗಾಡು ಕೂಡ ಬೇರೆ ಬೇರೆ: ವೆಳ್ಳಾಳರಿಗೆ ಒಂದು, ಪರೈಯರಿಗೆ ಒಂದು. ಸಾವಿರ ವರ್ಷದ ಹಿಂದಿನ ಕಲ್ಲು ಹೇಳ್ತಿರೋದು ಇದು. ಅದೇ ಗೋಡೆ ಮೇಲೆ, ದೇವಸ್ಥಾನದ ಸೇವೆಗೆ ಅಂತ ಬೇರೆ ಬೇರೆ ಊರುಗಳಿಂದ ತಂದು ನೆಲೆಗೊಳಿಸಿದ 400 ಹೆಣ್ಣುಮಕ್ಕಳ ಹೆಸರು, ಅವರ ಮನೆಯ ಸಾಲು ಸಮೇತ ಇದೆ. ತೀಂಡಾಚ್ಚೇರಿಯ ಒಬ್ಬಳ ಹೆಸರೂ ಇಲ್ಲ. ಕೇರಿಯ ಹೆಸರಷ್ಟೇ ಇದೆ.

ಹಾಗಾದ್ರೆ ನಮ್ಮವಳು ತನ್ನ ಬಾಯಿಂದ ತಾನೇ ಮಾತಾಡಿದ್ದು ಎಲ್ಲೂ ಇಲ್ವಾ?

ಇದೆ. ಕನ್ನಡದಲ್ಲೇ ಇದೆ.

12ನೇ ಶತಮಾನದ ವಚನಕಾರ್ತಿಯರು ಮೂವತ್ತಕ್ಕೂ ಹೆಚ್ಚು ಜನ. ಅಕ್ಕಮಹಾದೇವಿಯನ್ನ ಎಲ್ಲರೂ ಬಲ್ಲರು. ಉಳಿದವರ ಹೆಸರನ್ನ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಆಯ್ದಕ್ಕಿ ಲಕ್ಕಮ್ಮ, ಕದಿರೆ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ, ಕಾಲಕಣ್ಣಿಯ ಕಾಮಮ್ಮ, ಸೂಳೆ ಸಂಕವ್ವೆ. ಅಕ್ಕಿ ಆರಿಸಿ ತರುವ ಮನೆ, ನೂಲು ತೆಗೆಯುವ ಕದಿರು, ಭತ್ತ ಕುಟ್ಟುವ ಕೊಟ್ಟಣ, ದನದ ಕಾಲಿಗೆ ಕಟ್ಟುವ ಕಣ್ಣಿ. ಶಾಸನದಲ್ಲಿ ಹೆಸರಿನ ಹಿಂದೆ ಬಿರುದು ಇದ್ದರೆ ಇಲ್ಲಿ ಕೆಲಸ ಇದೆ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟೋದಿಲ್ಲ ಅಂತ ಆಣೆ ಮಾಡಿ ಹೇಳಿದವಳು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ವಾಪಸ್ ಚೆಲ್ಲಿ ಬಾ ಅಂತ ಕಳಿಸಿದವಳು. ಹೆಣ್ಣಿನ ದಿನನಿತ್ಯದ ಬದುಕು ಕನ್ನಡದಲ್ಲಿ ಹೀಗೆ ಅವರದೇ ಮಾತಲ್ಲಿ ದಾಖಲಾಗಿರೋದು ಸಣ್ಣ ವಿಷಯ ಅಲ್ಲ.

ಇವರ ನಡುವೆ ಒಬ್ಬಳಿದ್ದಾಳೆ. ಕಾಳವ್ವೆ. ಉರಿಲಿಂಗಪೆದ್ದಿಯ ಹೆಂಡತಿ. ಉರಿಲಿಂಗಪೆದ್ದಿ ಅಸ್ಪೃಶ್ಯ ಕುಲದಿಂದ ಬಂದು ಗುರುಪೀಠ ಏರಿದವನು ಅಂತ ಪರಂಪರೆ ಹೇಳತ್ತೆ. ಕಾಳವ್ವೆಯದು ಅಂತ ಉಳಿದಿರೋದು ಹತ್ತು ಹನ್ನೆರಡು ವಚನ ಅಷ್ಟೇ. ಅದರಲ್ಲಿ ಒಂದು ಓದಿದರೆ ಮೈ ಜುಮ್ ಅನ್ನತ್ತೆ. ಸಾಲು ಇಲ್ಲಿ ಹಾಕ್ತಿಲ್ಲ, ಹುಡುಕಿ ನೀವೇ ಓದಿ. ಅವಳ ವಾದವನ್ನ ನನ್ನ ಮಾತಲ್ಲಿ ಹೇಳ್ತೀನಿ.

ಕುರಿ, ಕೋಳಿ, ಮೀನು ತಿಂದವನು ಒಳ್ಳೆ ಕುಲದವನು ಅನ್ನಿಸ್ಕೋತಾನೆ. ದನ ತಿಂದ ಮಾದಿಗ ಕೀಳಾಗ್ತಾನೆ. ಅದು ಹೇಗೆ? ಅಂತ ನೇರ ಕೇಳ್ತಾಳೆ ಕಾಳವ್ವೆ. ಅಲ್ಲಿಗೆ ಬಿಡೋದಿಲ್ಲ. ಆ ದನದ ಚರ್ಮ ಏನಾಯ್ತು ಅಂತ ಬೆನ್ನು ಹತ್ತುತ್ತಾಳೆ. ಅದೇ ಚರ್ಮದಿಂದ ತುಪ್ಪ ತುಂಬಿಡೋ ಸಿದ್ದಲಿಕೆ ಆಯ್ತು, ನೀರು ತರೋ ಸಗ್ಗಳೆ ಆಯ್ತು. ಆ ತುಪ್ಪವನ್ನ, ಆ ನೀರನ್ನ ಶುದ್ಧ ಅಂತ ಕುಡಿಯೋರು ಯಾರು? ಚರ್ಮ ಸುಲಿದವನು ಹೊಲಸು, ಆ ಚರ್ಮದೊಳಗಿನ ನೀರು ಶುದ್ಧ. ನಿಮ್ಮ ಮಡಿಯ ಲೆಕ್ಕ ಎಲ್ಲಿ ತಾಳೆ ಆಯ್ತು ಹೇಳಿ ಅಂತ ಕಾಳವ್ವೆಯ ಸವಾಲು.

ಗಮನಿಸಿ, ಇದು ಶಾಸ್ತ್ರ ಓದಿ ಮಾಡಿದ ವಾದ ಅಲ್ಲ. ಚರ್ಮ ಹದ ಮಾಡೋ ಮನೆಯಲ್ಲಿ ಬದುಕಿದವಳಿಗೆ ಮಾತ್ರ ಹೊಳೆಯೋ ವಾದ. ತನ್ನ ಕೇರಿಯಿಂದ ಹೊರಟ ಒಂದು ಚರ್ಮದ ಚೀಲ ಅಗ್ರಹಾರದ ಅಡುಗೆಮನೆವರೆಗೂ ಹೋಗಿ ಕೂರೋದನ್ನ ಅವಳು ಕಂಡಿದ್ದಾಳೆ. ಚೀಲ ಒಳಗೆ ಹೋಗತ್ತೆ, ಚೀಲ ಮಾಡಿದವಳು ಹೊರಗೆ ನಿಲ್ಲಬೇಕು.

ಅಸ್ಪೃಶ್ಯತೆಯ ಬೇರು ದನದ ಮಾಂಸದಲ್ಲಿದೆ ಅಂತ ಬಾಬಾಸಾಹೇಬರು ತಮ್ಮ ಅಸ್ಪೃಶ್ಯರು ಗ್ರಂಥದಲ್ಲಿ ವಾದ ಮಂಡಿಸಿದ್ದು 1948ರಲ್ಲಿ. ಅವರ ಬಳಿ ವೇದ, ಸ್ಮೃತಿ, ಬೌದ್ಧ ಗ್ರಂಥ, ಜಗತ್ತಿನ ಗ್ರಂಥಾಲಯಗಳೆಲ್ಲಾ ಇದ್ದವು. ಸುಮಾರು ಎಂಟು ನೂರು ವರ್ಷ ಮೊದಲು ಒಬ್ಬಳು ಹೆಣ್ಣುಮಗಳು ಬರೀ ತನ್ನ ಬದುಕನ್ನ ನೋಡಿ ಅದೇ ಜಾಗಕ್ಕೆ ಬೆರಳಿಟ್ಟಿದ್ದಳು. ಇವತ್ತು ಯಾರ ತಟ್ಟೆಯಲ್ಲಿ ಏನಿದೆ ಅಂತ ಇಣುಕಿ ನೋಡಿ ಹೊಡೆಯೋ ಕಾಲದಲ್ಲಿ ಈ ವಚನ ನಮ್ಮ ಪಠ್ಯದಲ್ಲಿ ಇರಬೇಕಿತ್ತು. ಅಕ್ಕನ ಭಕ್ತಿ ಬೇಕು, ಕಾಳವ್ವೆಯ ಸಿಟ್ಟು ಬೇಡ ಅಂದ್ರೆ ಹೇಗೆ?

ಹಂಗಂತ ಶರಣರ ಕಾಲ ಸ್ವರ್ಗ ಆಗಿತ್ತು ಅಂತ ನಾನು ಹೇಳಲ್ಲ. ಕಾಳವ್ವೆಯ ಹೆಸರನ್ನ ವಚನ ಸಂಪುಟಗಳಲ್ಲಿ ಹುಡುಕಿದರೆ "ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ" ಅಂತಲೇ ಸಿಗೋದು. ಅಷ್ಟು ಉರಿಯುವ ಪ್ರಶ್ನೆ ಕೇಳಿದವಳ ಅಂಕಿತದಲ್ಲೂ ಗಂಡನ ಹೆಸರೇ ಇದೆ. ಸೂಳೆ ಸಂಕವ್ವೆಯ ಒಂದೇ ಒಂದು ವಚನ ಉಳಿದಿದೆ. ಎಷ್ಟು ಜನ ಹೇಳಿದ್ದರೋ, ಎಷ್ಟು ಅಳಿಸಿಹೋಯ್ತೋ.

ಹರಳಯ್ಯನ ಕಥೆ ನೋಡಿ. ಸಮಗಾರ ಹರಳಯ್ಯನ ಮಗ ಶೀಲವಂತನಿಗೆ ಬ್ರಾಹ್ಮಣ ಮಧುವರಸನ ಮಗಳು ಲಾವಣ್ಯಳನ್ನ ಕೊಟ್ಟು ಮದುವೆ ಆಯ್ತು, ಬಿಜ್ಜಳನ ಆಳ್ವಿಕೆ ಇಬ್ಬರು ಅಪ್ಪಂದಿರನ್ನೂ ಆನೆ ಕಾಲಿಗೆ ಕಟ್ಟಿಸಿ ಎಳೆಸಿತು ಅಂತ ಐತಿಹ್ಯ. ಪ್ರತಿ ಬಸವ ಜಯಂತಿಗೆ ಈ ಕಥೆ ಕೇಳ್ತೀವಿ. ಹರಳಯ್ಯ, ಮಧುವರಸ ಹುತಾತ್ಮರು, ಶರಣು. ಆದರೆ ಲಾವಣ್ಯ ಏನಾದಳು? ಆ ಹುಡುಗಿ ಆ ಮದುವೆಗೆ ಏನಂದಳು? ತನ್ನ ತೊಡೆಯ ಚರ್ಮವನ್ನೂ ಕೊಯ್ದು ಬಸವಣ್ಣನಿಗೆ ಪಾದರಕ್ಷೆ ಮಾಡಿಕೊಟ್ಟಳು ಅಂತಾರಲ್ಲ, ಹರಳಯ್ಯನ ಹೆಂಡತಿ ಕಲ್ಯಾಣಮ್ಮ, ಗಂಡ ಸತ್ತ ದಿನ ಅವಳ ಮನೆಯಲ್ಲಿ ಏನಾಯ್ತು? ಕಥೆ ಕಟ್ಟಿದವರಿಗೆ ಅದು ಬೇಕಾಗಿರಲಿಲ್ಲ. ಜಾತಿ ಮೀರಿ ಮದುವೆಯಾದ ಮಕ್ಕಳನ್ನ ಈಗಲೂ ಕೊಲ್ತಾರೆ. ಈಗಲೂ ಪೇಪರಿನಲ್ಲಿ ಅಪ್ಪ, ಅಣ್ಣ, ಮರ್ಯಾದೆ ಇವುಗಳ ಸುತ್ತಲೇ ಸುದ್ದಿ ಸುತ್ತತ್ತೆ, ಹುಡುಗಿಗೆ ಏನು ಬೇಕಿತ್ತು ಅನ್ನೋದು ಕೊನೆ ಸಾಲಿಗೂ ಬರಲ್ಲ.

ಬಿಜ್ಜಳ ಕಲ್ಯಾಣಕ್ಕೆ ಬರೋ ಮುಂಚೆ ಇದ್ದದ್ದು ಮಂಗಳವೇಡೆಯಲ್ಲಿ. ಈಗ ಅದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಅದೇ ಮಂಗಳವೇಡೆಯಲ್ಲಿ 14ನೇ ಶತಮಾನದಲ್ಲಿ ಮಹಾರ್ ಸಂತ ಚೋಖಾಮೇಳ ಇದ್ದ. ಗೋಡೆ ಕಟ್ಟೋ ಕೆಲಸದಲ್ಲಿ ಗೋಡೆ ಕುಸಿದು 1338ರಲ್ಲಿ ಸತ್ತ. ಅವನ ಹೆಂಡತಿ ಸೋಯರಾಬಾಯಿ, ತಂಗಿ ನಿರ್ಮಳಾ ಇಬ್ಬರೂ ಅಭಂಗ ಬರೆದವರು.

ಕಾಳವ್ವೆ ಚರ್ಮದ ಚೀಲ ಹಿಡಿದು ಕೇಳಿದ್ದನ್ನ ಸೋಯರಾಬಾಯಿ ದೇಹ ಹಿಡಿದು ಕೇಳ್ತಾಳೆ. ಮೈಲಿಗೆ ಅಂತೀರಲ್ಲ, ಅದಿಲ್ಲದ ದೇಹ ಯಾವುದಿದೆ? ಎಲ್ಲರೂ ಹುಟ್ಟಿದ್ದು ಅದರೊಳಗಿಂದಲೇ ಅಲ್ವಾ? ಹಾಗಾದ್ರೆ ಶುದ್ಧ ಯಾರು? ಇದು ಅವಳ ಅಭಂಗವೊಂದರ ತಿರುಳು. ಮುಟ್ಟು, ಹೆರಿಗೆ ಅಂತ ಹೆಣ್ಣಾಗಿದ್ದಕ್ಕೆ ಒಂದು ಮೈಲಿಗೆ, ಮಹಾರ್ ಆಗಿದ್ದಕ್ಕೆ ಇನ್ನೊಂದು ಮೈಲಿಗೆ. ಎರಡನ್ನೂ ಹೊತ್ತವಳಿಗೇ ಈ ಪ್ರಶ್ನೆ ಹುಟ್ಟೋದು.

ಸೋಯರಾಬಾಯಿ ಬಗ್ಗೆ ಒಂದು ಕಥೆ ಹೇಳ್ತಾರೆ. ಅವಳು ತುಂಬು ಬಸುರಿ. ಗಂಡ ಮನೆಯಲ್ಲಿಲ್ಲ. ನೋವು ಶುರುವಾದಾಗ ಪಕ್ಕದಲ್ಲಿ ಯಾರೂ ಇಲ್ಲ. ಆಗ ವಿಠ್ಠಲನೇ ನಾದಿನಿ ನಿರ್ಮಳಾಳ ವೇಷದಲ್ಲಿ ಬಂದು ಹೆರಿಗೆ ಮಾಡಿಸಿದನಂತೆ. ಭಕ್ತರು ಇದನ್ನ ಪವಾಡ ಅಂತ ಹೇಳ್ತಾರೆ. ನನಗೆ ಅದರಲ್ಲಿ ಕಾಣೋದು ಬೇರೆ. ಊರ ಹೊರಗಿನ ಗುಡಿಸಲಲ್ಲಿ ಒಬ್ಬಳು ಒಂಟಿಯಾಗಿ ಹೆರೋದು ಎಷ್ಟು ಮಾಮೂಲಾಗಿತ್ತು ಅಂದ್ರೆ, ಅಲ್ಲಿಗೆ ಒಬ್ಬರು ಸಹಾಯಕ್ಕೆ ಬಂದರು ಅಂತ ಹೇಳೋಕೆ ದೇವರನ್ನೇ ಕರೆಸಬೇಕಾಯ್ತು.

ಈ ಕಥೆ ಓದುವಾಗೆಲ್ಲ ನಮ್ಮಜ್ಜಿ ನೆನಪಾಗ್ತಾಳೆ. ನಮ್ಮಜ್ಜಿ ಸೂಲಗಿತ್ತಿ. ನಮ್ಮ ಕೇರಿಯವರಿಗೆ ಮಾತ್ರ ಅಲ್ಲ, ಊರಿನ ದೊಡ್ಡ ಮನೆಗಳಿಗೂ ಅವಳೇ. ರಾತ್ರಿ ಲಾಟೀನು ಹಿಡಿದು ಆಳು ಬಂದರೆ ಸಾಕು, ಸೆರಗು ಸಿಕ್ಕಿಸಿ ಹೊರಡೋಳು. ಆ ಹೊತ್ತಲ್ಲಿ ಅವಳಿಗೆ ಯಾವ ಹೊಸಲೂ ಅಡ್ಡ ಇರಲಿಲ್ಲ. ಮಗು ತೆಗೆದು, ಹೊಕ್ಕುಳ ಕೊಯ್ದು, ಬಾಣಂತಿಗೆ ನೀರು ಹಾಕಿ, ಕಸ ಹೂತು ಬರೋಳು. ಪುರುಡು ಕಳೆದು ಮನೆ ಶುದ್ಧ ಆದ ಮೇಲೆ ಅದೇ ಅಜ್ಜಿ ಅಂಗಳದಾಚೆ ನಿಲ್ಲಬೇಕಿತ್ತು. ಮೊರದಲ್ಲಿ ಜೋಳ, ಒಂದು ಹಳೇ ಸೀರೆ, ಮೇಲಿನಿಂದ ಸೆರಗಿಗೆ ಸುರಿಯೋರು. "ಅಜ್ಜೀ, ನಿಂಗೆ ಸಿಟ್ಟು ಬರ್ತಿರ್ಲಿಲ್ವಾ?" ಅಂತ ಒಂದ್ಸಲ ಕೇಳಿದ್ದೆ. "ಆ ಕೂಸು ಮೊದ್ಲು ಮುಟ್ಟಿದ್ದು ನನ್ ಕೈಯ್ನೇ ಅಲ್ವೇನವ್ವಾ" ಅಂದಿದ್ದಳು. ಅಷ್ಟೇ. ಅಜ್ಜಿಗೆ ಕಾಳವ್ವೆ ಗೊತ್ತಿರಲಿಲ್ಲ, ಸೋಯರಾಬಾಯಿ ಗೊತ್ತಿರಲಿಲ್ಲ. ಮಾತು ಮಾತ್ರ ಅದೇ.

ಬಾಬಾಸಾಹೇಬರು ಅಸ್ಪೃಶ್ಯರು ಗ್ರಂಥವನ್ನ ನಂದನಾರ್, ರವಿದಾಸ್, ಚೋಖಾಮೇಳ ಈ ಮೂವರ ನೆನಪಿಗೆ ಅರ್ಪಿಸಿದರು. ಆ ಸಾಲಿನ ಪಕ್ಕದಲ್ಲಿ ಕಾಳವ್ವೆ, ಸೋಯರಾಬಾಯಿ, ನಿರ್ಮಳಾ ಅಂತ ಬರೆಯೋ ಕೆಲಸ ನಮ್ಮದು. 1927ರ ಮಾರ್ಚ್ 20ಕ್ಕೆ ಮಹಾಡದ ಚವದಾರ್ ಕೆರೆಯ ನೀರಿಗೆ ಅವರು ಕೈ ಹಾಕಿದಾಗ ಮುಟ್ಟಿದ್ದು ಬರೀ ನೀರನ್ನಲ್ಲ. ಸಗ್ಗಳೆಯ ನೀರು ಶುದ್ಧ ಆದ್ರೆ ಸಗ್ಗಳೆ ಮಾಡಿದವಳು ಯಾಕೆ ಅಶುದ್ಧ ಅಂತ ಕಾಳವ್ವೆ ಕೇಳಿದ್ದ ಪ್ರಶ್ನೆಯನ್ನ ಅವತ್ತು ಸಾವಿರಾರು ಜನ ಒಟ್ಟಿಗೆ ಕೇಳಿದರು.

ತಂಗೀ, ನೀನು ಕೇಳಿದೆಯಲ್ಲ, ಆವಾಗ ನಮ್ಮೋರು ಎಲ್ಲಿದ್ರು ಅಂತ. ನಮ್ಮೋರು ಹೊಲದಲ್ಲಿದ್ರು, ಒರಳ ಮುಂದೆ ಇದ್ರು, ಹದ ಮಾಡೋ ಚರ್ಮದ ಗುಂಡಿ ಹತ್ರ ಇದ್ರು, ತೀಂಡಾಚ್ಚೇರಿಯಲ್ಲಿದ್ರು, ಬೇರೆಯವರ ಬಾಣಂತನದ ಕೋಣೆಯಲ್ಲಿದ್ರು. ಕಲ್ಲಿನ ಮೇಲೆ ಅವರ ಹೆಸರಿಲ್ಲ. ಆದರೆ ಅವರು ಸುಮ್ಮನೆ ಇರಲಿಲ್ಲ. ರಾಣಿಯರು ಯಾರೂ ಕೇಳದ ಪ್ರಶ್ನೆಯನ್ನ ಅವರು ಕೇಳಿದ್ರು.

ಬಂಧುಗಳಲ್ಲಿ ಎರಡು ವಿನಂತಿ. ಒಂದು, ಮುಂದಿನ ಸಲ ನೀವು ಮಹಿಳಾ ದಿನಾಚರಣೆಗೋ ಬಸವ ಜಯಂತಿಗೋ ಭಾಷಣ ಮಾಡುವಾಗ ಕಾಳವ್ವೆಯ ವಚನವನ್ನ ಹುಡುಕಿ, ಪೂರ್ತಿ ಓದಿ, ಜನರ ಮುಂದೆ ಗಟ್ಟಿಯಾಗಿ ಹೇಳಿ. ಎರಡು, ಮನೆಯಲ್ಲಿ ಅಜ್ಜಿ ಇನ್ನೂ ಇದ್ದರೆ ಈ ಭಾನುವಾರ ಅವಳ ಪಕ್ಕ ಕೂತು, ನೀನು ಏನೇನ್ ಕೆಲಸ ಮಾಡ್ತಿದ್ದೆ ಅಂತ ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾನು ನಮ್ಮಜ್ಜಿಯದ್ದು ಮಾಡಿಕೊಳ್ಳಲಿಲ್ಲ. ಈಗ ನನ್ನ ಹತ್ರ ಉಳಿದಿರೋದು ಮೇಲೆ ಬರೆದ ಆ ಒಂದು ಮಾತು ಮಾತ್ರ.

ಜೈಭೀಮ್.